ಶುಕ್ರವಾರಕ್ಕೆ ಮೂರು ಗಂಟೆ, ಈಸ್ಟರ್‌ಗೆ ಒಂದೇ ಗಂಟೆ ಯಾಕೆ?

ಮಾನ್ಯ ಸಂಪಾದಕರೇ,

ಈಸ್ಟರ್ ಹತ್ತಿರ ಬಂತು ಅಂದರೆ ಚರ್ಚ್‌ಗಳಲ್ಲಿ ಒಂದು ಮಾತು ಶುರುವಾಗುತ್ತದೆ. 'ಈ ಸಲ ಆರಾಧನೆಯಲ್ಲಿ ಏನಾದರೂ ಹೊಸದು ಮಾಡೋಣ.' ಸಮಿತಿ ಸೇರುತ್ತದೆ. ಒಬ್ಬರು ದೊಡ್ಡ ಪರದೆ ಅನ್ನುತ್ತಾರೆ, ಇನ್ನೊಬ್ಬರು ಬಣ್ಣದ ಲೈಟು ಅನ್ನುತ್ತಾರೆ, ಮತ್ತೊಬ್ಬರು ಎಲ್ಲೋ ನೋಡಿದ ವಿಡಿಯೊ ತೋರಿಸುತ್ತಾರೆ. ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸಂಡೇ ಸ್ಕೂಲ್‌ನಲ್ಲಿ ಪಾಠ ಮಾಡಿದವಳು, ಇಂಥ ಸಮಿತಿಗಳಲ್ಲಿ ಎಷ್ಟೋ ಸಲ ಕೂತವಳು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ಆದರೂ ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ಮೊದಲು ನನ್ನ ದೂರು ಹೇಳಿಬಿಡುತ್ತೇನೆ. ಶುಭ ಶುಕ್ರವಾರವನ್ನು ನಾವು ತುಂಬಾ ಚೆನ್ನಾಗಿ ಆಚರಿಸುತ್ತೇವೆ. ಮಧ್ಯಾಹ್ನ 12ರಿಂದ 3ರವರೆಗೆ ಕೂರುತ್ತೇವೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುತ್ತೇವೆ. ಕಥೋಲಿಕ ಚರ್ಚ್‌ಗಳಲ್ಲಿ ಶಿಲುಬೆಯ ಹಾದಿಯ 14 ಸ್ಥಳಗಳಲ್ಲಿ ನಿಂತು, ಮೊಣಕಾಲೂರಿ, ಎದ್ದು ಮತ್ತೆ ನಡೆಯುತ್ತಾರೆ. ಅವತ್ತು ಜನರ ಕಾಲು ನಡೆಯುತ್ತದೆ, ಕಣ್ಣು ತುಂಬುತ್ತದೆ, ಮೈಯೆಲ್ಲಾ ಆರಾಧನೆಯಲ್ಲಿ ಇರುತ್ತದೆ. ಯೇಸು ಸಾವಿನಿಂದ ಎದ್ದುಬಂದ ಈಸ್ಟರ್ ಭಾನುವಾರ ಬಂದಾಗ? ನಾಲ್ಕು ಹಾಡು, ಒಂದು ಪ್ರಸಂಗ, ಉದ್ದನೆಯ ಪ್ರಕಟಣೆಗಳು, ಕೈಕುಲುಕಿ ಮನೆಗೆ. ಕ್ರೈಸ್ತ ನಂಬಿಕೆ ನಿಂತಿರುವುದೇ ಆ ಭಾನುವಾರದ ಮೇಲೆ, ಕ್ರಿಸ್ತನು ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಅಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ, ಆದರೂ ಆ ದಿನಕ್ಕೆ ನಾವು ಕೊಡುವ ಸಮಯ, ತಯಾರಿ, ಯೋಚನೆ ಶುಕ್ರವಾರದ ಅರ್ಧದಷ್ಟೂ ಇರುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಒಂದು ವರ್ಷ ನಾನಿದ್ದ ಸಭೆಯಲ್ಲಿ ಸಮಾಧಿಯ ಕಲ್ಲು ಉರುಳುವ ವಿಡಿಯೊ ಹಾಕಿದರು. ಚೆನ್ನಾಗಿಯೇ ಇತ್ತು. ಕಲ್ಲು ಉರುಳಿತು, ಬೆಳಕು ಬಂತು, ಸಭಾಪಾಲಕರು 'ಕ್ರಿಸ್ತನು ಎದ್ದಿದ್ದಾನೆ!' ಅಂದರು. 'ನಿಜವಾಗಿಯೂ ಎದ್ದಿದ್ದಾನೆ!' ಅಂತ ಇಡೀ ಸಭೆ ಉತ್ತರ ಕೊಡಬೇಕು. ಬಂದದ್ದು ಹತ್ತೋ ಹನ್ನೆರಡೋ ದನಿ. ತಿರುಗಿ ನೋಡಿದರೆ ಎಲ್ಲರ ಕೈಯಲ್ಲೂ ಮೊಬೈಲು. ಪರದೆಯನ್ನು ರೆಕಾರ್ಡ್ ಮಾಡುತ್ತಿದ್ದರು. ಅವರ ತಪ್ಪಲ್ಲ. ನೋಡಲಿಕ್ಕೆ ಕೊಟ್ಟೆವು, ನೋಡಿದರು. ಅವತ್ತಿನಿಂದ ಯಾರೇ ಹೊಸ ಐಡಿಯಾ ತಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ಆಗ ಜನ ಏನು ಮಾಡುತ್ತಿರುತ್ತಾರೆ? ಎದ್ದು ನಡೆಯುತ್ತಾರಾ, ಕೈಯಲ್ಲಿ ಏನಾದರೂ ಹಿಡಿಯುತ್ತಾರಾ, ಬಾಯಿಬಿಟ್ಟು ಹೇಳುತ್ತಾರಾ? ಸುಮ್ನೆ ಕೂತು ನೋಡುತ್ತಾರೆ ಅನ್ನೋದಾದರೆ ಆ ಐಡಿಯಾ ಪಕ್ಕಕ್ಕಿಡಿ.

ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳನ್ನು ತೆಗೆದು ನೋಡಿ. ಯೇಸು ಎದ್ದ ಆ ಕ್ಷಣವನ್ನು ಬರೆದ ನಾಲ್ವರಲ್ಲಿ ಯಾರೂ ವರ್ಣಿಸಿಲ್ಲ. ಅವರು ಬರೆದಿರುವುದು ಜನ ಏನು ಮಾಡಿದರು ಅಂತ. ಇನ್ನೂ ಕತ್ತಲಿರುವಾಗಲೇ ಹೆಂಗಸರು ಹೊರಟರು. 'ನಮಗೋಸ್ಕರ ಕಲ್ಲನ್ನು ಯಾರು ಉರುಳಿಸುತ್ತಾರೆ' ಅಂತ ದಾರಿಯಲ್ಲಿ ಮಾತಾಡಿಕೊಂಡರು. ಪೇತ್ರನೂ ಇನ್ನೊಬ್ಬ ಶಿಷ್ಯನೂ ಓಡಿದರು. ತಲೆಗೆ ಕಟ್ಟಿದ್ದ ಬಟ್ಟೆ ಬೇರೆ ಕಡೆ ಸುತ್ತಿಟ್ಟಿತ್ತು. ಇನ್ನಿಬ್ಬರು ಶಿಷ್ಯರು ಎಮ್ಮಾಹು ಅನ್ನುವ ಹಳ್ಳಿಯ ದಾರಿ ಹಿಡಿದು ನಡೆದರು, ರೊಟ್ಟಿ ಮುರಿದಾಗ ಆತನನ್ನು ಗುರುತು ಹಿಡಿದರು. ನಡೆಯುವುದು, ಓಡುವುದು, ಬಗ್ಗಿ ನೋಡುವುದು, ಹೋಗಿ ಹೇಳುವುದು. ನಮ್ಮ ಸಮಿತಿಗಳು ಹುಡುಕುವ ಐಡಿಯಾಗಳೆಲ್ಲ ಅಲ್ಲೇ ಇವೆ ಅಲ್ವಾ?

ಕತ್ತಲಿನಿಂದಲೇ ಶುರುಮಾಡೋಣ. ಶನಿವಾರ ರಾತ್ರಿಯ ಪಾಸ್ಕ, ಅಂದರೆ ಈಸ್ಟರ್ ಜಾಗರಣೆಯಲ್ಲಿ ಹೊರಗೆ ಹೊಸ ಬೆಂಕಿ ಹೊತ್ತಿಸುತ್ತಾರೆ. ದೊಡ್ಡ ಪಾಸ್ಕ ಮೇಣದಬತ್ತಿಯ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಒಮೇಗಾ, ಆ ವರ್ಷದ ನಾಲ್ಕು ಅಂಕಿಗಳನ್ನು ಗುರುತು ಮಾಡಿ, ಯೇಸುವಿನ ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಚುಚ್ಚಿ, 'ಕ್ರಿಸ್ತನ ಬೆಳಕು' ಅಂತ ಮೂರು ಸಲ ಹಾಡುತ್ತಾ ಒಳಗೆ ತರುತ್ತಾರೆ. ಇದು ರಾತ್ರಿಯ ಆರಾಧನೆ ಅನ್ನೋದು ಇವತ್ತು ನಮಗೆ ಸಹಜ. ಆದರೆ ರೋಮನ್ ಕಥೋಲಿಕ ಸಭೆಯಲ್ಲಿ ಶತಮಾನಗಳ ಕಾಲ ಇದನ್ನು ಶನಿವಾರ ಬೆಳಿಗ್ಗೆಯೇ ಮುಗಿಸುತ್ತಿದ್ದರು. ಹಗಲು ಬೆಳಕಿನಲ್ಲಿ ನಿಂತು 'ಇದೇ ಆ ರಾತ್ರಿ' ಅಂತ ಹಾಡುತ್ತಿದ್ದರು! 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಪ್ರಯೋಗಕ್ಕೆಂದು ಇದನ್ನು ರಾತ್ರಿಗೆ ಮರಳಿಸಲು ಒಪ್ಪಿದರು. 1955ರಲ್ಲಿ ಆದೇಶವಾಯಿತು, 1956ರಿಂದ ಎಲ್ಲ ಕಡೆ ಜಾರಿಗೆ ಬಂತು. ಪುರಾತನ ಸಭೆಯ ರೂಢಿಗೆ ವಾಪಸ್ ಹೋಗಿದ್ದೇ ಅವತ್ತಿನವರಿಗೆ ದೊಡ್ಡ ಹೊಸತಾಗಿತ್ತು.

ಜಾಗರಣೆಯ ರೂಢಿ ಇಲ್ಲದ ಸಭೆಗಳೂ ಇದನ್ನು ಬೆಳಗಿನ ಜಾವ ಮಾಡಬಹುದು. ಒಂದೇ ಮಾತು, ಕತ್ತಲು ನಿಜವಾಗಿಯೂ ಕತ್ತಲಾಗಿರಲಿ. ಜಗುಲಿಯ ಲೈಟು, ಸೌಂಡ್ ಸಿಸ್ಟಮ್ಮಿನ ಹಸಿರು ದೀಪ, ಎಲ್ಲ ಆರಲಿ ಅಥವಾ ಮುಚ್ಚಿರಲಿ. ಮೆಟ್ಟಿಲ ಹತ್ತಿರ ಟಾರ್ಚ್ ಹಿಡಿದು ಇಬ್ಬರು ನಿಲ್ಲಲಿ, ವಯಸ್ಸಾದವರು ಎಡವಬಾರದು. ಬೆಳಕು ಹಂಚುವಾಗ ಉರಿಯುವ ಮೇಣದಬತ್ತಿಯನ್ನು ನೇರವಾಗಿ ಹಿಡಿದು, ಹೊತ್ತಿಸಬೇಕಾದ್ದನ್ನು ಅದರ ಕಡೆ ಬಾಗಿಸಬೇಕು. ಆಗ ಬಿಸಿ ಮೇಣ ಕೈಮೇಲೆ ಬೀಳುವುದಿಲ್ಲ. ಇದನ್ನು ಮಕ್ಕಳಿಗೆ ಹಿಂದಿನ ವಾರವೇ ಕಲಿಸಿ. ಅವರು ಅವತ್ತು ದೊಡ್ಡವರಿಗೆ ಕಲಿಸುತ್ತಾರೆ, ಅದೂ ಎಂಥ ಗಂಭೀರವಾಗಿ!

ಜಾಗರಣೆಯಲ್ಲಿ ಹಳೆಯ ಒಡಂಬಡಿಕೆಯ ಏಳು ವಾಚನಗಳಿವೆ. ಉದ್ದವಾಯಿತು ಅಂತ ಎಷ್ಟೋ ಕಡೆ ಮೂರಕ್ಕೆ ಇಳಿಸುತ್ತಾರೆ. ದಯವಿಟ್ಟು ಇಳಿಸಬೇಡಿ, ಓದುವ ರೀತಿ ಬದಲಿಸಿ. ಸೃಷ್ಟಿಯ ಕಥೆಯನ್ನು ಏಳು ದಿನಕ್ಕೆ ಏಳು ದನಿಯಲ್ಲಿ, ಚರ್ಚಿನ ಏಳು ಮೂಲೆಗಳಿಂದ ಓದಿಸಬಹುದು. ಇಸ್ರಾಯೇಲ್ಯರಿಗೆ ಕೆಂಪು ಸಮುದ್ರ ಇಬ್ಭಾಗವಾಗಿ ದಾರಿ ಬಿಟ್ಟ ಭಾಗಕ್ಕೆ ಎರಡು ಉದ್ದನೆಯ ನೀಲಿ ಬಟ್ಟೆಗಳನ್ನು ಎರಡೂ ಕಡೆ ಎತ್ತಿ ಹಿಡಿದರೆ ಜನ ನಡುವೆ ನಡೆದು ಹೋಗುತ್ತಾರೆ. ನಾವು ಒಮ್ಮೆ ಪ್ರವಾದಿ ಯೆಹೆಜ್ಕೇಲನು ದರ್ಶನದಲ್ಲಿ ಕಂಡ, ಒಣ ಎಲುಬುಗಳಿಗೆ ಜೀವ ಬರುವ ಕಣಿವೆಯ ಭಾಗವನ್ನು ಓದಿದೆವು. ಪ್ರತಿ ಬೆಂಚಿನ ತುದಿಯಲ್ಲಿ ಎರಡು ಮರದ ಕಡ್ಡಿ ಇಟ್ಟಿದ್ದೆವು. ಓದುತ್ತಿದ್ದವರು ಎಲುಬು ಎಲುಬಿಗೆ ಸೇರುವ ಜಾಗಕ್ಕೆ ಬಂದಾಗ ಹಿಂದಿನ ಮೂಲೆಯಲ್ಲಿ ಒಬ್ಬ ಹುಡುಗ ಮೆಲ್ಲಗೆ ಟಕ್ ಟಕ್ ಅನ್ನಿಸಿದ, ಪಕ್ಕದ ಬೆಂಚಿನವರು ಸೇರಿಕೊಂಡರು, ಸದ್ದು ಕತ್ತಲಲ್ಲಿ ಬೆಂಚಿನಿಂದ ಬೆಂಚಿಗೆ ಹರಡುತ್ತಾ ಮುಂದೆ ಬಂತು, ಕೊನೆಗೆ ಇಡೀ ಕಟ್ಟಡ ಅದುರುವ ಹಾಗಾಯಿತು. ಆಮೇಲೆ ಎಲ್ಲ ಒಟ್ಟಿಗೆ ನಿಂತಿತು. ಆ ನಿಶ್ಶಬ್ದದಲ್ಲಿ 'ಶ್ವಾಸವೇ ಬಾ' ಅನ್ನುವ ಮಾತು ಓದಿದರು. ನನ್ನ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಬಾಯಿಂದ ಉಫ್ ಅಂತ ಉಸಿರು ಬಿಟ್ಟಳು. ಅದಕ್ಕೆ ನಾವು ಖರ್ಚು ಮಾಡಿದ್ದು ಒಂದು ಕಟ್ಟು ಕಡ್ಡಿ ಅಷ್ಟೇ.

ನಾಟಕದ ಬಗ್ಗೆ ಒಂದು ಮಾತು. ಈಸ್ಟರ್ ನಾಟಕ ಹೊಸ ಕಾಲದ್ದು ಅಂತ ಕೆಲವು ಹಿರಿಯರು ಮುಖ ಗಂಟು ಹಾಕುತ್ತಾರೆ. ಹಾಗಲ್ಲ. ಹತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಸನ್ಯಾಸಿಗಳಿಗೆಂದು ಬರೆದ ನಿಯಮಾವಳಿಯಲ್ಲೇ ಈಸ್ಟರ್ ಬೆಳಗಿನ ಜಾವದ ಒಂದು ಪುಟ್ಟ ನಾಟಕದ ವಿವರ ಇದೆ. ಒಬ್ಬ ಸನ್ಯಾಸಿ ಬಿಳಿ ಉಡುಪು ಹಾಕಿ ಯಾರಿಗೂ ಗೊತ್ತಾಗದ ಹಾಗೆ ಹೋಗಿ ಸಮಾಧಿಯ ಹತ್ತಿರ ಕೂರಬೇಕು. ಮೂವರು ಧೂಪ ಹಿಡಿದು, ಏನನ್ನೋ ಹುಡುಕುವವರ ಹಾಗೆ, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬರಬೇಕು. 'ಯಾರನ್ನು ಹುಡುಕುತ್ತೀರಿ?' ಅಂತ ಕೂತವನು ಹಾಡಬೇಕು. ಆಮೇಲೆ ಮೂವರೂ ಖಾಲಿ ಬಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಬೇಕು, ಸ್ತುತಿಗೀತೆ ಶುರುವಾಗಬೇಕು, ಗಂಟೆಗಳು ಬಾರಿಸಬೇಕು. ಅಷ್ಟೇ. ಸಾವಿರ ವರ್ಷದ ಹಿಂದಿನ ಇದು ಇವತ್ತಿಗೂ ಎಷ್ಟು ಚೆನ್ನಾಗಿದೆ ನೋಡಿ. ಯೇಸುವಿನ ಪಾತ್ರವೇ ಇಲ್ಲ, ಅಂಟಿಸಿದ ಗಡ್ಡ ಇಲ್ಲ. ಒಂದು ಖಾಲಿ ಬಟ್ಟೆ ಎಲ್ಲವನ್ನೂ ಹೇಳುತ್ತದೆ. ನನ್ನ ಸಲಹೆ, ಆ ಮೂವರು ಹೆಂಗಸರ ಪಾತ್ರಕ್ಕೆ ಹುಡುಗಿಯರಿಗೆ ಮುಸುಕು ಹಾಕಿಸುವ ಬದಲು ಸಭೆಯ ಅಜ್ಜಿಯರನ್ನೇ ಕರೆಯಿರಿ. ಮಣ್ಣು ಮಾಡಿದ ಜಾಗಕ್ಕೆ ಮಾರನೆಯ ದಿನ ನಡೆದುಹೋಗುವುದು ಅಂದರೇನು ಅಂತ ಅವರಿಗೆ ಗೊತ್ತು.

ಶುಕ್ರವಾರ ಬರಿದಾಗಿದ್ದ ಬಲಿಪೀಠಕ್ಕೆ ಭಾನುವಾರ ಮಕ್ಕಳೇ ಬಟ್ಟೆ ಹಾಸಲಿ. ಶುಕ್ರವಾರದ ಬೋಳು ಶಿಲುಬೆಗೆ ಜಾಳಿಗೆ ಕಟ್ಟಿಟ್ಟರೆ ಬಂದವರೆಲ್ಲ ಒಂದೊಂದು ಹೂವು ಸಿಕ್ಕಿಸಬಹುದು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲ ಶುರುವಾಗುವ ಮುಂಚೆ ಮಕ್ಕಳು 'ಹಲ್ಲೆಲೂಯಾ' ಅಂತ ದೊಡ್ಡದಾಗಿ ಬಣ್ಣದಲ್ಲಿ ಬರೆದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, 40 ದಿನ ಆ ಪದವನ್ನೇ ಹಾಡದೆ, ಈಸ್ಟರ್ ದಿನ ತೆಗೆಯುವುದೂ ಒಳ್ಳೆಯದು. ಇವೆಲ್ಲ ಎಲ್ಲರೂ ಮಾಡಬಹುದಾದ ಸುಲಭದ ಕೆಲಸ.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಗ್ದಲದ ಮರಿಯಳ ಪ್ರಸಂಗ. ಅವಳು ಅಳುತ್ತಾ ನಿಂತಿದ್ದಾಳೆ, ಎದುರಿಗೆ ಇರುವ ಯೇಸುವನ್ನೇ ತೋಟಗಾರ ಅಂದುಕೊಂಡಿದ್ದಾಳೆ. ಆತನು 'ಮರಿಯಳೇ' ಅಂತ ಹೆಸರು ಹಿಡಿದು ಕರೆದಾಗಲೇ ಅವಳಿಗೆ ಗೊತ್ತಾಗುವುದು. ಇದನ್ನು ಹಿಡಿದುಕೊಂಡು ನಮ್ಮ ಸಭೆಯ ಒಬ್ಬ ಹಿರಿಯ ಅಮ್ಮ ಒಂದು ಕೆಲಸ ಮಾಡಿದರು. ತಪಸ್ಸು ಕಾಲದ 40 ದಿನವೂ ಒಂದು ಗೆರೆ ಹಾಕಿದ ನೋಟ್‌ಬುಕ್‌ನಲ್ಲಿ ಹೆಸರು ಬರೆದರು. ಪ್ರತಿ ವಾರ ಬರುವವರದ್ದು ಮಾತ್ರ ಅಲ್ಲ. ವರ್ಷಕ್ಕೊಮ್ಮೆ ಬರುವವರು, ಮದುವೆಯಾಗಿ ಬೇರೆ ಕಡೆ ಹೋದವರು, ಜಗಳ ಮಾಡಿಕೊಂಡು ಬಿಟ್ಟವರು, ಎಲ್ಲರ ಹೆಸರು. ಮನೆಯಲ್ಲಿ ಏನಂತ ಕರೆಯುತ್ತಾರೆ ಅಂತಲೂ ಪಕ್ಕದಲ್ಲಿ ಬರೆದುಕೊಂಡರು. ಈಸ್ಟರ್ ಬೆಳಗಿನ ಜಾವ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಕೈ ಹಿಡಿದು, 'ಕ್ರಿಸ್ತನು ಎದ್ದಿದ್ದಾನೆ' ಅಂದರು. ಆರಾಧನೆ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಎತ್ತರದ ಮನುಷ್ಯ ಬಂದರು. ಏಳೆಂಟು ವರ್ಷದಿಂದ ನಾವು ಅವರನ್ನು ಕಂಡಿರಲಿಲ್ಲ. ಕಡೆಯ ಬೆಂಚಿನಲ್ಲಿ ಸದ್ದಿಲ್ಲದೆ ಕೂತು, ಸದ್ದಿಲ್ಲದೆ ಹೋಗುವ ಲೆಕ್ಕ ಇದ್ದಿರಬೇಕು. ಅಮ್ಮ ಅವರನ್ನು ಚಿಕ್ಕಂದಿನ ಹೆಸರಿನಿಂದ ಕರೆದರು. ಆತ ಹಾಗೇ ನಿಂತುಬಿಟ್ಟರು. 'ನಿಜವಾಗಿಯೂ' ಅಂತ ಶುರುಮಾಡಿದರು, ಮುಂದಿನ ಮಾತು ಬರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಇದ್ದೆ, ಕಣ್ಣಾರೆ ಕಂಡೆ.

ಅದಕ್ಕೇ ಹೇಳುವುದು, ಈಸ್ಟರ್‌ಗೆ ಮಾತ್ರ ಬರುವವರನ್ನು ಅವತ್ತು ವೇದಿಕೆಯಿಂದ ಚುಚ್ಚಬೇಡಿ. 'ಇವತ್ತು ಚರ್ಚ್ ತುಂಬಿದೆ, ಮುಂದಿನ ವಾರ ಎಲ್ಲಿರುತ್ತೀರೋ' ಅನ್ನುವ ಮಾತು ನಾನು ತುಂಬಾ ಸಲ ಕೇಳಿದ್ದೇನೆ. ಆರ್ಥಡಾಕ್ಸ್ ಸಭೆಗಳಲ್ಲಿ ಪ್ರತಿ ಈಸ್ಟರ್‌ಗೂ ಪುರಾತನ ಸಭೆಯ ಬಿಷಪ್ ಯೋಹಾನ ಕ್ರಿಸೊಸ್ಟಮನ ಹೆಸರಿನ ಒಂದು ಚಿಕ್ಕ ಪ್ರಸಂಗವನ್ನೇ ಓದುತ್ತಾರೆ. ಮೊದಲ ಗಂಟೆಗೆ ಬಂದವರೂ ಬನ್ನಿ, ಹನ್ನೊಂದನೇ ಗಂಟೆಗೆ ಬಂದವರೂ ಹೆದರದೆ ಬನ್ನಿ, ಉಪವಾಸ ಮಾಡಿದವರೂ ಮಾಡದವರೂ ಸಂತೋಷಪಡಿ, ಎಲ್ಲರಿಗೂ ಊಟ ಸಿದ್ಧವಾಗಿದೆ ಅನ್ನುವುದು ಅದರ ಸಾರ. ಎಲ್ಲ ಸಭೆಗಳೂ ಇದನ್ನು ಓದಬಹುದು. ಐದಾರು ನಿಮಿಷವೂ ಬೇಕಾಗಿಲ್ಲ.

ಇನ್ನೊಂದು ಐಡಿಯಾ ಬೆಂಕಿಯದ್ದು. ಯೋಹಾನನ ಸುವಾರ್ತೆಯಲ್ಲಿ ಇದ್ದಿಲಿನ ಬೆಂಕಿ ಎರಡು ಕಡೆ ಬರುತ್ತದೆ. 18ನೇ ಅಧ್ಯಾಯದಲ್ಲಿ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ಪೇತ್ರನು 'ನಾನಲ್ಲ' ಅನ್ನುತ್ತಾನೆ. 21ನೇ ಅಧ್ಯಾಯದಲ್ಲಿ ಎದ್ದುಬಂದ ಯೇಸು ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು ಶಿಷ್ಯರನ್ನು ಊಟಕ್ಕೆ ಕರೆಯುತ್ತಾನೆ. ಮೂರು ಸಲ ಅಲ್ಲ ಅಂದವನಿಗೆ ಮೂರು ಸಲ 'ನನ್ನನ್ನು ಪ್ರೀತಿಸುತ್ತೀಯಾ' ಅಂತ ಕೇಳುತ್ತಾನೆ. ಗ್ರೀಕ್ ಮೂಲದಲ್ಲಿ ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಈ ಎರಡೇ ಕಡೆ. ಗುರುವಾರ ರಾತ್ರಿ ಚರ್ಚಿನ ಅಂಗಳದಲ್ಲಿ ಒಂದು ಅಗ್ಗಿಷ್ಟಿಕೆ ಹೊತ್ತಿಸಿ ಮೊದಲ ಭಾಗ ಓದಿ. ಜನ ತಾವು 'ಅಲ್ಲ' ಅಂದದ್ದನ್ನು ಒಂದು ಚೀಟಿಯಲ್ಲಿ ಬರೆದು ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ. ಈಸ್ಟರ್ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಅಗ್ಗಿಷ್ಟಿಕೆ ಮತ್ತೆ ಹೊತ್ತಿಸಿ ಎರಡನೇ ಭಾಗ ಓದಿ, ಚೀಟಿ ಕೆಂಡಕ್ಕೆ ಹಾಕಿಸಿ, ಅಲ್ಲೇ ಸುತ್ತ ನಿಂತು ಒಟ್ಟಿಗೆ ತಿಂಡಿ ತಿನ್ನಿ. ವಿವರಣೆ ಕೊಡಬೇಕಾಗಿಲ್ಲ, ಇದ್ದಿಲಿನ ವಾಸನೆ ಬಂದ ಕೂಡಲೇ ಗುರುವಾರದ ರಾತ್ರಿ ನೆನಪಾಗುತ್ತದೆ. ಒಂದು ಎಚ್ಚರಿಕೆ ಮಾತ್ರ, ಇದನ್ನು ಯಾವತ್ತೂ ಹೊರಗೇ ಮಾಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ವಿಷಾನಿಲದಿಂದ ಪ್ರಾಣಕ್ಕೇ ಅಪಾಯ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ.

ಈಸ್ಟರ್ ದಿನ ಸಂತೋಷವಾಗಿರಲೇಬೇಕು ಅನ್ನುವ ಒತ್ತಡ ದುಃಖದಲ್ಲಿರುವವರಿಗೆ ತುಂಬಾ ಭಾರ. ಆ ವರ್ಷವೇ ಗಂಡನನ್ನೋ ಮಗುವನ್ನೋ ಕಳೆದುಕೊಂಡವರು ಜೋರು ಹಾಡಿನ ನಡುವೆ ಹೊರಗೆ ಹೋಗಿ ನಿಲ್ಲುವುದನ್ನು ಕಂಡಿದ್ದೇನೆ. ಇದಕ್ಕೆ ಮೊರೇವಿಯನ್ ಅನ್ನುವ ಪ್ರೊಟೆಸ್ಟೆಂಟ್ ಸಭೆಯವರ ರೂಢಿ ನನಗೆ ಇಷ್ಟ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಅವರ ಯುವಕರ ಗುಂಪೊಂದು ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಸಮಾಧಿ ಭೂಮಿಗೆ ಹೋಗಿ ಹಾಡಿತು. ಸೂರ್ಯೋದಯದ ಆರಾಧನೆ ಅವರಲ್ಲಿ ಅಲ್ಲಿಂದ ಬೆಳೆಯಿತು. ಕಳೆದ ಈಸ್ಟರ್‌ನಿಂದ ಈಚೆಗೆ ತೀರಿಹೋದವರನ್ನು ಅವರ ಅವತ್ತಿನ ಪ್ರಾರ್ಥನೆಯಲ್ಲೇ ನೆನೆಯುತ್ತಾರೆ. ನೀವೂ ಸಮಾಧಿಗಳ ನಡುವೆ ನಿಂತು ಆ ವರ್ಷ ಹೋದವರ ಹೆಸರನ್ನು ನಿಧಾನವಾಗಿ ಓದಿ, ಆಮೇಲೆ ಪುನರುತ್ಥಾನದ ಸುವಾರ್ತೆ ಓದಿ. ಮೊದಲ ಈಸ್ಟರ್ ಶುರುವಾಗಿದ್ದೂ ಅಳುವಿನಲ್ಲೇ ಅಲ್ವಾ? ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರ ಬೇಕಾದರೂ ಬರಬಹುದು, ಹಾಗಾಗಿ ಸೂರ್ಯ ಹುಟ್ಟುವ ಹೊತ್ತನ್ನು ಪ್ರತಿ ವರ್ಷ ನೋಡಿಕೊಂಡೇ ಸಮಯ ಗೊತ್ತುಮಾಡಿ. ಹಳೆಯ ವರ್ಷದ ಚೀಟಿ ನೋಡಿ ಸಮಯ ಹಾಕಿದರೆ ಬಿಸಿಲಲ್ಲಿ ಮೇಣದಬತ್ತಿ ಹಿಡಿದು ನಿಲ್ಲಬೇಕಾಗುತ್ತದೆ.

ಕೊನೆಯದಾಗಿ ದಿನಗಳ ಲೆಕ್ಕ. ತಪಸ್ಸು ಕಾಲ 40 ದಿನ, ಈಸ್ಟರ್ ಕಾಲ ಪಂಚಾಶತ್ತಮದವರೆಗೆ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ದಿನದವರೆಗೆ, 50 ದಿನ. ದುಃಖಕ್ಕಿಂತ ಸಂತೋಷಕ್ಕೆ ಹತ್ತು ದಿನ ಜಾಸ್ತಿ ಕೊಟ್ಟವರು ನಮ್ಮ ಹಿರಿಯರು. 325ರಲ್ಲಿ ಬಿಷಪ್‌ಗಳು ಸೇರಿದ್ದ ನಿಕೇಯ ಮಹಾಸಭೆಯ 20ನೇ ನಿಯಮ ಈ ದಿನಗಳಲ್ಲೂ ಭಾನುವಾರಗಳಲ್ಲೂ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕು ಅನ್ನುತ್ತದೆ. ಎದ್ದವನ ಜನ ಎದ್ದು ನಿಲ್ಲುತ್ತಾರೆ. ಈ 50 ದಿನದಲ್ಲಿ ಒಂದು ಪ್ರಾರ್ಥನೆಯನ್ನಾದರೂ ನಿಂತು ಮಾಡಿಸಿ, ಯಾಕೆ ಅಂತ ಮಕ್ಕಳಿಗೆ ಹೇಳಿ. ಏಳಲಾಗದವರು ಕೂತೇ ಕೈಯೆತ್ತಲಿ. ಶಿಲುಬೆಯ ಹಾದಿಯ ಹಾಗೆಯೇ ಪುನರುತ್ಥಾನದಿಂದ ಪಂಚಾಶತ್ತಮದವರೆಗಿನ 14 ಸ್ಥಳಗಳ 'ಬೆಳಕಿನ ಹಾದಿ' ಅನ್ನುವ ಭಕ್ತಿಯೂ ಇದೆ. ಖಾಲಿ ಸಮಾಧಿ, ಎಮ್ಮಾಹು, ತೋಮ, ಗಲಿಲಾಯದ ದಡ, ಹೀಗೆ ಸಾಗುತ್ತದೆ. ನನ್ನ ಮೊದಲ ದೂರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಶುಕ್ರವಾರ ನಡೆದ ಕಾಲುಗಳಿಗೆ ಮತ್ತೆ ನಡೆಯಲು ಏಳು ವಾರ ಸಿಗುತ್ತದೆ, ವಾರಕ್ಕೆ ಎರಡು ಸ್ಥಳದಂತೆ.

ಇದೆಲ್ಲವನ್ನೂ ಒಂದೇ ವರ್ಷ ಮಾಡಲು ಹೋಗಬೇಡಿ. ನಾವು ಒಮ್ಮೆ ಹಾಗೆ ಮಾಡಿ ಎಲ್ಲರೂ ಸುಸ್ತಾದೆವು, ಗಾಯನ ತಂಡದವರು ಕೊನೆಯ ಹಾಡಿಗೆ ದನಿಯೇ ಇಲ್ಲದೆ ನಿಂತಿದ್ದರು. ಒಂದನ್ನು ಆರಿಸಿ. ಸಭಾಪಾಲಕರ ಅಥವಾ ಗುರುಗಳ ಜೊತೆ ಮುಂಚೆಯೇ ಕೂತು ಮಾತಾಡಿ, ಅವರಿಗೆ ಗೊತ್ತಿಲ್ಲದ ಹಾಗೆ ಏನೂ ಮಾಡಬೇಡಿ. ಯಾವುದನ್ನು ಆರಿಸಬೇಕು ಅಂತ ಗೊತ್ತಾಗದಿದ್ದರೆ ನೋಟ್‌ಬುಕ್ಕಿನಿಂದ ಶುರುಮಾಡಿ. ಹೆಸರು ಬರೆಯಲು ಯಾರ ಅನುಮತಿಯೂ ಬೇಡ, ಸಮಿತಿಯೂ ಬೇಡ. ನಿಮ್ಮ ಸಭೆಗಳಲ್ಲಿ ಇಂಥದ್ದೇನಾದರೂ ಈಗಾಗಲೇ ಮಾಡಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ, ಮುಂದಿನ ವರ್ಷ ನಮಗೂ ಬೇಕಾಗುತ್ತದೆ.

ಇಂತಿ,
ಒಬ್ಬ ಸಂಡೇ ಸ್ಕೂಲ್ ಶಿಕ್ಷಕಿ